ಐ5 ಅಂದರೆ ಸಾಲದು, ಪೂರ್ತಿ ನಂಬರ್ ಕೇಳಿ

ಹತ್ತು ವರ್ಷದ ಹಿಂದೆ ಕೊಂಡ ಡೆಸ್ಕ್‌ಟಾಪ್ ಅನೇಕ ಮನೆಗಳಲ್ಲಿ, ಅಂಗಡಿಗಳಲ್ಲಿ ಇಂದಿಗೂ ದುಡಿಯುತ್ತಿದೆ. ಆನ್ ಆಗುತ್ತದೆ, ಬಿಲ್ ಬರುತ್ತದೆ, ಮಕ್ಕಳ ಪ್ರಾಜೆಕ್ಟ್ ಪ್ರಿಂಟ್ ಆಗುತ್ತದೆ. ಆದರೂ ಬದಲಾಯಿಸುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಇದಕ್ಕೆ ಮುಖ್ಯ ಕಾರಣ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿತು. ಬ್ಯಾಂಕ್ ಲಾಗಿನ್, ಜಿಎಸ್‌ಟಿ ರಿಟರ್ನ್, ಗ್ರಾಹಕರ ಆಧಾರ್ ಪ್ರತಿ ಇವೆಲ್ಲ ಇರುವ ಯಂತ್ರವನ್ನು ಅಪ್‌ಡೇಟ್ ಇಲ್ಲದೆ ಇಂಟರ್‌ನೆಟ್ಟಿಗೆ ಬಿಡುವುದು ತರವಲ್ಲ. ಹೀಗಾಗಿ ಕಡಿಮೆ ದುಡ್ಡಿಗೆ ಒಳ್ಳೆಯ ಡೆಸ್ಕ್‌ಟಾಪ್ ಹುಡುಕುವವರು ಹೆಚ್ಚಿದ್ದಾರೆ. ಅವರನ್ನು ದಾರಿ ತಪ್ಪಿಸುವ ಮಾತುಗಳೂ ಹೆಚ್ಚಿವೆ.

ಅವುಗಳಲ್ಲಿ ಮೊದಲನೆಯದು ಇದು: ‘ಸಾರ್, ಐ5 ಇದೆ. ಎಂಟು ಜಿಬಿ ರ್‍ಯಾಮ್, ಐನೂರು ಜಿಬಿ ಹಾರ್ಡ್ ಡಿಸ್ಕ್, ಹೊಸ ಕ್ಯಾಬಿನೆಟ್, ಮಾನಿಟರ್ ಎಲ್ಲಾ ಸೇರಿ ಹದಿಮೂರು ಸಾವಿರ.’ ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಬೇಕಾದ ಒಂದೇ ಒಂದು ವಿಷಯವೂ ಅದರಲ್ಲಿಲ್ಲ. ಐ5 ಅನ್ನುವುದು ಇಂಟೆಲ್ ಕಂಪನಿ ವರ್ಷ ವರ್ಷವೂ ಹೊಸ ಪ್ರೊಸೆಸರ್‌ಗಳಿಗೆ ಇಟ್ಟುಕೊಂಡು ಬಂದ ಹೆಸರು. 2011ರಲ್ಲಿ ಬಂದ 2400ಕ್ಕೂ ಐ5 ಎಂದೇ ಹೆಸರು, 2022ರಲ್ಲಿ ಬಂದ 12400ಕ್ಕೂ ಐ5 ಎಂದೇ ಹೆಸರು. ಎರಡರ ನಡುವೆ ಹನ್ನೊಂದು ವರ್ಷದ ಅಂತರ. ಹಳೆಯ ಐ5ಗಿಂತ 2017ರಲ್ಲಿ ಬಂದ ಐ3 8100 ಜೋರಾಗಿ ಓಡುತ್ತದೆ. ಆರು ಕೋರ್ ಇರುವ ಐ5 8500ನ್ನು ನಾಲ್ಕೇ ಕೋರ್‌ನ ಐ3 12100 ಹಿಂದೆ ಹಾಕುತ್ತದೆ. ಆದ್ದರಿಂದ ‘ಐ5ಆ, ಐ3ಆ’ ಎಂಬ ಪ್ರಶ್ನೆಯನ್ನು ಬಿಡಿ. ಅದರ ಮುಂದಿನ ನಂಬರ್ ಏನು ಎಂದು ಕೇಳಿ, ಬೆಲೆ ಕೇಳುವುದು ಆಮೇಲೆ.

ನಂಬರ್ ಓದುವುದು ಸುಲಭ. ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿ ಜನರೇಶನ್: 3470 ಅಂದರೆ ಮೂರನೆಯದು, 8500 ಅಂದರೆ ಎಂಟನೆಯದು. ಐದು ಅಂಕಿ ಇದ್ದರೆ ಮೊದಲ ಎರಡು: 10400 ಹತ್ತನೆಯದು, 12100 ಹನ್ನೆರಡನೆಯದು. ನಂಬರ್ ಕೊನೆಯಲ್ಲಿ ‘ಎಫ್’ ಅಕ್ಷರ ಇದ್ದರೆ ಆ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೇರೆ ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಏನೂ ಕಾಣದು. ಅಸೆಂಬಲ್ ಮಾಡಿಸುವಾಗ ನಾಲ್ಕೈದು ನೂರು ಉಳಿಸಲು ಹೋಗಿ ಇಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ಎಎಂಡಿಯ ರೈಜೆನ್ ತೆಗೆದುಕೊಳ್ಳುವವರು ನಂಬರ್ ಕೊನೆಯಲ್ಲಿ ‘ಜಿ’ ಇರುವುದನ್ನೇ ನೋಡಿ. ಅದರಲ್ಲಿ ಗ್ರಾಫಿಕ್ಸ್ ಒಳಗೇ ಇರುತ್ತದೆ.

ಹೊಸ ಕ್ಯಾಬಿನೆಟ್ ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಎರಡನೇ, ಮೂರನೇ ಜನರೇಶನ್ ಪ್ರೊಸೆಸರ್‌ಗೆ ಹೊಂದುವ ಎಚ್61 ಮಾದರಿಯ ಮದರ್‌ಬೋರ್ಡ್‌ಗಳು ಈಗಲೂ ಹೊಸದಾಗಿ ತಯಾರಾಗಿ ಬರುತ್ತಿವೆ. ಹಳೆಯ ಪ್ರೊಸೆಸರ್, ಹಳೆಯ ಡಿಡಿಆರ್3 ರ್‍ಯಾಮ್, ಹೊಸ ಬೋರ್ಡ್, ಬಣ್ಣದ ದೀಪ ಉರಿಯುವ ಹೊಸ ಡಬ್ಬಿ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರುವುದಿಲ್ಲ. ಕೊಂಡವರಿಗೆ ಅದು ಹೊಸ ಕಂಪ್ಯೂಟರ್. ವಿಂಡೋಸ್ 11ರ ಲೆಕ್ಕದಲ್ಲಿ ಮಾತ್ರ ಅದು ಪಟ್ಟಿಗೇ ಸೇರದ ಯಂತ್ರ.

ಆ ಪಟ್ಟಿಯ ವಿಷಯ ಇಷ್ಟು: ಇಂಟೆಲ್ ಆದರೆ, ಒಂದೆರಡು ಅಪವಾದ ಬಿಟ್ಟು, ಎಂಟನೇ ಜನರೇಶನ್ನಿನಿಂದ ಮೇಲೆ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಸೆಕ್ಯೂರ್ ಬೂಟ್ ಇರಬೇಕು. ಎಎಂಡಿ ಆದರೆ ಬಹುಮಟ್ಟಿಗೆ ರೈಜೆನ್ 2000 ಸರಣಿಯಿಂದ ಮುಂದೆ. ಅದರಲ್ಲೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕಾಣಸಿಗುವ 2200ಜಿ, 2400ಜಿ ಎರಡೂ ಪಟ್ಟಿಯಲ್ಲಿಲ್ಲ. ‘ಪರವಾಗಿಲ್ಲ, ಹಳೆಯದಕ್ಕೇ 11 ಹಾಕಿಕೊಡ್ತೀನಿ’ ಅನ್ನುವವರೂ ಇದ್ದಾರೆ. ಹಾಕಬಹುದು, ಅದು ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಆಟಕ್ಕೆ ಇಟ್ಟುಕೊಂಡ ಯಂತ್ರಕ್ಕಾದರೆ ಸರಿ. ವ್ಯಾಪಾರದ ಲೆಕ್ಕ ಇರುವ ಯಂತ್ರಕ್ಕೆ ನಾನು ಬೇಡವೆಂದೇ ಹೇಳುತ್ತೇನೆ. ಆರು, ಏಳನೇ ಜನರೇಶನ್ನಿನ ಒಳ್ಳೆಯ ಕಂಪನಿ ಡೆಸ್ಕ್‌ಟಾಪ್‌ಗಳು ಈಗ ತೀರಾ ಅಗ್ಗಕ್ಕೆ ಸಿಗುತ್ತಿರುವುದರ ಹಿಂದೆಯೂ ಇದೇ ಸಂಗತಿ ಇದೆ.

ಬದಲಾಯಿಸಲೇಬೇಕೇ?

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋದರೆ ಪ್ರೊಸೆಸರ್ ನಂಬರ್, ರ್‍ಯಾಮ್ ಎಷ್ಟಿದೆ, ಡಿಸ್ಕ್ ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಎಲ್ಲ ಅಲ್ಲೇ ಕಾಣುತ್ತದೆ. ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದಿದ್ದು, ಕೆಲಸ ನಿಧಾನವಾದಾಗಲೆಲ್ಲ ಡಿಸ್ಕ್ ನೂರು ಪರ್ಸೆಂಟ್ ತೋರಿಸುತ್ತಿದ್ದು, ಒಳಗಿರುವುದು ಹಾರ್ಡ್ ಡಿಸ್ಕ್ ಆಗಿದ್ದರೆ ನಿಮಗೆ ಹೊಸ ಕಂಪ್ಯೂಟರ್ ಬೇಡ. 256 ಅಥವಾ 512 ಜಿಬಿಯ ಒಂದು ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ ನಾಲ್ಕು ಜಿಬಿ ಇದ್ದರೆ ಎಂಟಕ್ಕೆ ಏರಿಸಿ. ಆನ್ ಮಾಡಿ ಕಾಫಿ ಮಾಡಿಕೊಂಡು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಯಂತ್ರ ಕುರ್ಚಿ ಎಳೆದು ಕೂರುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಹಳೆಯ ಕಂಪ್ಯೂಟರ್‌ಗೆ ಹಾಕುವ ದುಡ್ಡಿನಲ್ಲಿ ಇಷ್ಟು ಫಲ ಕೊಡುವುದು ಬೇರೊಂದಿಲ್ಲ.

ಪ್ರೊಸೆಸರ್ ಹಳೆಯದು, ಕೆಲಸ ಮಾತ್ರ ಬರೀ ಬ್ರೌಸರ್, ಇಮೇಲ್, ಯೂಟ್ಯೂಬ್, ಒಂದಿಷ್ಟು ಟೈಪಿಂಗ್ ಎಂದಾದರೆ ಲಿನಕ್ಸ್ ಮಿಂಟ್ ಹಾಕಿ ನೋಡಬಹುದು. ಅದು ಉಚಿತ, ಅಪ್‌ಡೇಟ್ ಬರುತ್ತದೆ, ಕಗಪ ವಿನ್ಯಾಸದ ಕನ್ನಡ ಕೀಲಿಮಣೆಯೂ ಅದರಲ್ಲಿದೆ. ಮನೆಗೆ ಇದು ಒಳ್ಳೆಯ ದಾರಿ. ಟ್ಯಾಲಿ ಬಳಸುವ ಅಂಗಡಿಗೆ ಅಲ್ಲ.

ಬೆನ್ನಹಿಂದಿನ ವೈರುಗಳನ್ನು ನೋಡಿ

ಸಣ್ಣ ವ್ಯಾಪಾರಿಗಳು ಕಂಪ್ಯೂಟರ್ ಬದಲಾಯಿಸುವಾಗ ಹೆಚ್ಚು ದುಡ್ಡು, ಹೆಚ್ಚು ದಿನ ಕಳೆದುಕೊಳ್ಳುವುದು ಪ್ರೊಸೆಸರ್‌ನಿಂದ ಅಲ್ಲ, ಅದಕ್ಕೆ ಜೋಡಿಸಿರುವ ವಸ್ತುಗಳಿಂದ. ಮಂಡಿಯಲ್ಲಿ, ಹೋಲ್‌ಸೇಲ್ ದಿನಸಿ ಅಂಗಡಿಯಲ್ಲಿ ಮೂರು ಪ್ರತಿ ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇರುತ್ತದೆ. ಹಳೆಯ ಟಿವಿಎಸ್, ಎಪ್ಸನ್ ಪ್ರಿಂಟರ್‌ಗಳಲ್ಲಿ ಎಷ್ಟೋ ಅಗಲವಾದ ಪ್ಯಾರಲಲ್ ಕೇಬಲ್‌ನಲ್ಲೇ ಓಡುತ್ತಿರುತ್ತವೆ. ಇಂದಿನ ಡೆಸ್ಕ್‌ಟಾಪ್‌ಗಳಲ್ಲಿ ಆ ಪೋರ್ಟ್ ಇರುವುದೇ ಅಪರೂಪ. ಒಳಗೆ ಕಾರ್ಡ್ ಹಾಕಬೇಕು, ಇಲ್ಲವೇ ಯುಎಸ್‌ಬಿ ಪರಿವರ್ತಕ ಬಳಸಬೇಕು. ಪರಿವರ್ತಕದಲ್ಲಿ ಕೆಲವು ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಪ್ರಿಂಟ್ ಕೊಡದೆ ಹಟ ಹಿಡಿಯುತ್ತವೆ. ತೂಕದ ಯಂತ್ರ, ವೇಬ್ರಿಡ್ಜ್ ಇರುವವರಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಬೇಕು. ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಡೆಸ್ಕ್‌ಟಾಪ್‌ಗಳಲ್ಲಿ ಈ ಪೋರ್ಟ್ ಹಲವು ಸಲ ಸಿಗುತ್ತದೆ. ಫೋನಿನಲ್ಲಿ ಹಿಂಬದಿಯ ಫೋಟೊ ತೆಗೆದುಕೊಂಡು ಹೋಗಿ ತೋರಿಸಿ. ಅದರಷ್ಟು ಸ್ಪಷ್ಟವಾಗಿ ಬಾಯಿಮಾತಿನಲ್ಲಿ ಹೇಳಲು ಬಾರದು.

ಮಾನಿಟರ್ ಚೆನ್ನಾಗಿದ್ದರೆ ಬದಲಾಯಿಸುವ ಅಗತ್ಯವಿಲ್ಲ. ಹಳೆಯ ಮಾನಿಟರ್‌ಗೆ ನೀಲಿ ಬಣ್ಣದ ವಿಜಿಎ ಕೇಬಲ್ ಮಾತ್ರ ಇದ್ದರೆ, ಹೊಸ ಯಂತ್ರದಲ್ಲಿ ಡಿಸ್‌ಪ್ಲೇಪೋರ್ಟ್ ಇದೆಯೋ ಎಚ್‌ಡಿಎಂಐ ಇದೆಯೋ ನೋಡಿ ಅದಕ್ಕೆ ತಕ್ಕ ಪರಿವರ್ತಕವನ್ನು ಅವತ್ತೇ ತೆಗೆದುಕೊಳ್ಳಿ. ತಾಲ್ಲೂಕು ಕೇಂದ್ರದಲ್ಲಿ ಡಿಸ್‌ಪ್ಲೇಪೋರ್ಟ್ ಪರಿವರ್ತಕ ಹುಡುಕಿ ಅಲೆಯುವುದು ಬೇಡ.

ಸಾಫ್ಟ್‌ವೇರ್ ಕಡೆಗೆ ಬಂದರೆ, ಟ್ಯಾಲಿ ಲೈಸೆನ್ಸ್ ಹಳೆಯ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಅಲ್ಲಿ ಸರೆಂಡರ್ ಮಾಡಿ ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಬೇಕು. ಹಳೆಯದನ್ನು ಫಾರ್ಮ್ಯಾಟ್ ಹೊಡೆಸಿದ ಮೇಲೆ ಇದು ನೆನಪಾದರೆ ಗೋಳು. ಡಿಟಿಪಿ ಮಾಡುವವರ ಶ್ರೀಲಿಪಿಗೆ ಯುಎಸ್‌ಬಿ ಲಾಕ್ ಇರಬಹುದು. ಆಡಿಟರ್ ಕೊಟ್ಟ ಡಿಜಿಟಲ್ ಸಿಗ್ನೇಚರ್ ಟೋಕನ್‌ಗೂ, ಆಧಾರ್ ಬೆರಳಚ್ಚು ಯಂತ್ರಕ್ಕೂ ಅದರದರ ಡ್ರೈವರ್ ಬೇಕು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ, ಕರಾರು ಪತ್ರ, ಅರ್ಜಿ ನಮೂನೆಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಲು ಐದು ನಿಮಿಷ ಸಾಕು. ಬಹಳ ಕಡೆ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲೇಸರ್ ಪ್ರಿಂಟರ್ 64 ಬಿಟ್ ವಿಂಡೋಸ್‌ನಲ್ಲಿ ಸರಿಯಾದ ಡ್ರೈವರ್ ಹಾಕಿದರೆ ಓಡುತ್ತದೆ. ಲಿನಕ್ಸ್‌ಗೆ ಹೋಗುವ ಯೋಚನೆ ಇದ್ದರೆ ಮಾತ್ರ ಅದು ಸತಾಯಿಸುವ ಪ್ರಿಂಟರ್.

ಕಂಪನಿ ಬಳಸಿ ಬಿಟ್ಟದ್ದು

ಹೆಚ್ಚಿನ ಮನೆ, ಅಂಗಡಿಗಳಿಗೆ ನಾನು ಹೇಳುವುದು ರಿಫರ್ಬಿಷ್ಡ್ ಬಿಸಿನೆಸ್ ಡೆಸ್ಕ್‌ಟಾಪ್. ಬೆಂಗಳೂರಿನಂಥ ಊರಿನಲ್ಲಿ ದೊಡ್ಡ ಕಂಪನಿಗಳು ಡೆಸ್ಕ್‌ಟಾಪ್‌ಗಳನ್ನು ಕೆಲವು ವರ್ಷಗಳ ಲೀಸ್‌ಗೆ ತರುತ್ತವೆ. ಅವಧಿ ಮುಗಿದೊಡನೆ ನೂರಾರು ಯಂತ್ರಗಳು ಒಂದೇ ಸಲ ಹೊರಬೀಳುತ್ತವೆ. ಎಸಿ ಕೋಣೆಯಲ್ಲಿ, ಸ್ಥಿರ ಕರೆಂಟಿನಲ್ಲಿ ಇದ್ದಂಥವು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್ ಮತ್ತು ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಈ ಹೆಸರುಗಳನ್ನು ನೆನಪಿಡಿ. ಎಂಟನೇ ಜನರೇಶನ್ ಬೇಕೆಂದರೆ ಆಪ್ಟಿಪ್ಲೆಕ್ಸ್‌ನಲ್ಲಿ 3060, 5060, 7060, ಎಲೀಟ್‌ಡೆಸ್ಕ್‌ನಲ್ಲಿ 800 ಜಿ4, ಥಿಂಕ್‌ಸೆಂಟರ್‌ನಲ್ಲಿ ಎಂ720. ಆಪ್ಟಿಪ್ಲೆಕ್ಸ್ 3050, 5050, 7050, ಎಲೀಟ್‌ಡೆಸ್ಕ್ 800 ಜಿ3 ಇವು ಅದರ ಹಿಂದಿನವು. ನೋಡಲು ಹೆಚ್ಚು ಕಡಿಮೆ ಒಂದೇ ತರ ಇರುವುದರಿಂದ ನಂಬರ್ ನೋಡದೆ ಕೈಹಾಕಬೇಡಿ.

ಐ5 8500, 16 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಇಂಥ ಯಂತ್ರ 2025ರ ಮಧ್ಯದಲ್ಲಿ ಮಾನಿಟರ್ ಇಲ್ಲದೆ ಸುಮಾರು 12ರಿಂದ 18 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತಿತ್ತು. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ್‍ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಹೀಗಾಗಿ ‘ಈಗ 8 ಜಿಬಿ ತಗೊಳ್ಳಿ, ಆಮೇಲೆ ಹಾಕಿಸಿಕೊಳ್ಳಬಹುದು’ ಅನ್ನುವ ಹಳೆಯ ಸಲಹೆ ಮೊದಲಿನಂತೆ ನಡೆಯುವುದಿಲ್ಲ. ಎರಡು ಯಂತ್ರಗಳ ನಡುವೆ ಬೆಲೆಯ ವ್ಯತ್ಯಾಸ ಸಣ್ಣದಿದ್ದರೆ ರ್‍ಯಾಮ್ ಹೆಚ್ಚಿರುವುದನ್ನೇ ತೆಗೆದುಕೊಳ್ಳಿ. ನಿಮ್ಮ ಹಳೆಯ ಯಂತ್ರದಲ್ಲಿ ಡಿಡಿಆರ್4 ಇದ್ದರೆ ಅದನ್ನು ಬಿಚ್ಚಿ ಇಟ್ಟುಕೊಳ್ಳಿ. ಡಿಡಿಆರ್3 ಇದರಲ್ಲಿ ಕೂರುವುದಿಲ್ಲ.

ಇವು ಮೂರು ಗಾತ್ರದಲ್ಲಿ ಬರುತ್ತವೆ. ದೊಡ್ಡ ಟವರ್, ಅದರರ್ಧದ ಸ್ಲಿಮ್ ಡಬ್ಬಿ, ಪುಸ್ತಕದಷ್ಟು ದಪ್ಪದ ಟೈನಿ. ಟೈನಿ ಲ್ಯಾಪ್‌ಟಾಪ್ ಮಾದರಿಯ ಅಡಾಪ್ಟರ್‌ನಲ್ಲಿ ಓಡುತ್ತದೆ. ಅದು ಹೋದರೆ ಬೇರೆ ಸಿಗುವುದು ಸುಲಭ. ಮಾನಿಟರ್ ಹಿಂದೆಯೇ ಕೂರಿಸಿಬಿಡಬಹುದು. ಮನೆಗೆ, ಕ್ಲಿನಿಕ್‌ಗೆ, ಸಣ್ಣ ಕೌಂಟರ್‌ಗೆ ಅದು ಚೆಂದ. ಸ್ಲಿಮ್ ಡಬ್ಬಿಯ ಪವರ್ ಸಪ್ಲೈ ಮಾತ್ರ ಆಯಾ ಕಂಪನಿಯದೇ ಅಳತೆಯದು. ಸುಟ್ಟರೆ ಪಕ್ಕದ ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಅದಕ್ಕೆ ಹೊಂದದು. ಹಿಟ್ಟಿನ ಗಿರಣಿ, ಸಿಮೆಂಟ್ ಅಂಗಡಿಯಂಥ ದೂಳಿನ ಜಾಗಕ್ಕೆ, ಪ್ಯಾರಲಲ್ ಕಾರ್ಡ್ ಹಾಕಬೇಕಾದವರಿಗೆ ಟವರ್ ಒಳ್ಳೆಯದು. ಬಿಚ್ಚಿ ದೂಳು ಊದುವುದು ಸಲೀಸು.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಹೇಳಿದ ನಂಬರ್, ಕೊಟ್ಟ ರ್‍ಯಾಮ್ ತಾಳೆಯಾಗುತ್ತವೆಯೇ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿದರೆ ಡಿಸ್ಕ್ ಆರೋಗ್ಯ ಎಷ್ಟು ಪರ್ಸೆಂಟ್ ಉಳಿದಿದೆ, ಎಷ್ಟು ಗಂಟೆ ಓಡಿದೆ ಅನ್ನುವುದು ಗೊತ್ತಾಗುತ್ತದೆ. ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಒಂದು ಪೆನ್‌ಡ್ರೈವ್ ಚುಚ್ಚಿ ತೆಗೆಯಿರಿ. ಕಿವಿಗೊಟ್ಟು ಫ್ಯಾನ್ ಶಬ್ದ ಕೇಳಿ. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ವೈಫೈ ಇರುವುದಿಲ್ಲ. ನಿಮಗೆ ಅದು ಬೇಕಾದರೆ ಮೊದಲೇ ಹೇಳಿ.

ವಿಂಡೋಸ್ ಲೈಸೆನ್ಸ್ ವಿಷಯದಲ್ಲಿ ಈ ಯಂತ್ರಗಳು ಇನ್ನೊಂದು ಬಗೆಯಲ್ಲಿ ಉಪಯುಕ್ತ. ಕಂಪನಿಯಿಂದ ಬರುವಾಗ ವಿಂಡೋಸ್ 10 ಪ್ರೊ ಜೊತೆಗೆ ಬಂದಿದ್ದರೆ ಅದರ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ; ವಿಂಡೋಸ್ 11 ಪ್ರೊ ಹಾಕಿದಾಗ ತಾನಾಗಿ ಆಕ್ಟಿವೇಟ್ ಆಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಆಕ್ಟಿವೇಶನ್ ಒತ್ತಿ ನೋಡಿ. ಡಿಜಿಟಲ್ ಲೈಸೆನ್ಸ್ ಎಂದು ಬಂದರೆ ಒಳ್ಳೆಯ ಲಕ್ಷಣ. ‘ಆರ್ಗನೈಸೇಶನ್’ನ ಆಕ್ಟಿವೇಶನ್ ಸರ್ವಿಸ್ ಎಂಬ ಮಾತು ಕಂಡರೆ, ಯಾವ ಸಂಸ್ಥೆಗೂ ಸೇರದ ನಿಮ್ಮ ಯಂತ್ರದಲ್ಲಿ ಅದು ಹೇಗೆ ಬಂತು ಎಂದು ಅಂಗಡಿಯವರನ್ನು ಕೇಳಿ. ಕಳ್ಳ ಆಕ್ಟಿವೇಶನ್‌ನ ಗುರುತು ಬಹುತೇಕ ಅದೇ. ಅದನ್ನು ಮಾಡುವ ತಂತ್ರಾಂಶಗಳು ಆಂಟಿವೈರಸ್ ಆಫ್ ಮಾಡಿಸಿಯೇ ಒಳಗೆ ಬರುತ್ತವೆ. ಜೊತೆಗೆ ಇನ್ನೇನನ್ನು ತಂದವೋ ಯಾರಿಗೂ ತಿಳಿಯದು. ಅಂಥ ಯಂತ್ರದಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತುವುದನ್ನು ನೆನೆದರೆ ನನಗೆ ಭಯವಾಗುತ್ತದೆ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್‌ಪಿ ರೋಡ್, ಅಂದರೆ ಸಾದರ್ ಪತ್ರಪ್ಪ ರಸ್ತೆಯಲ್ಲಿ ಆಯ್ಕೆ ಹೆಚ್ಚು, ಚೌಕಾಸಿಗೂ ಜಾಗ ಇದೆ. ಆದರೆ ನೀವು ಸಿಂಧನೂರಿನಲ್ಲೋ ಸಾಗರದಲ್ಲೋ ಇದ್ದರೆ, ಕೆಟ್ಟಾಗ ಅಲ್ಲಿಗೆ ಹೊತ್ತುಕೊಂಡು ಹೋಗುವ ಖರ್ಚು ಲೆಕ್ಕಕ್ಕೆ ಬರಬೇಕು. ವ್ಯಾಪಾರದ ಯಂತ್ರವಾದರೆ ಸಾವಿರ ರೂಪಾಯಿ ಹೆಚ್ಚಾದರೂ, ಕರೆದರೆ ಮರುದಿನ ಬೆಳಿಗ್ಗೆ ಬರುವ ಊರಿನವರ ಹತ್ತಿರವೇ ಕೊಳ್ಳುವುದು ಮೇಲು. ವಾರಂಟಿ ಎಷ್ಟು ತಿಂಗಳು, ಅದರಲ್ಲಿ ಪವರ್ ಸಪ್ಲೈ ಮತ್ತು ಎಸ್‌ಎಸ್‌ಡಿ ಸೇರಿದೆಯೇ ಎಂಬುದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಪ್ರೊಸೆಸರ್‌ನ ಪೂರ್ತಿ ನಂಬರ್, ಯಂತ್ರದ ಸೀರಿಯಲ್ ನಂಬರ್ ಕೂಡ ಬಿಲ್ಲಿನಲ್ಲಿರಲಿ.

ಜಿಎಸ್‌ಟಿ ನೋಂದಣಿ ಇರುವವರು ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿಯೇ ಇನ್‌ವಾಯ್ಸ್ ಪಡೆಯಬೇಕು. ಕಂಪ್ಯೂಟರ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ವ್ಯಾಪಾರಕ್ಕೆ ಬಳಸುವ ಯಂತ್ರವಾದರೆ ಅಷ್ಟೂ ಇನ್‌ಪುಟ್ ಕ್ರೆಡಿಟ್ ಆಗಿ ಬರುತ್ತದೆ. ‘ಬಿಲ್ ಬೇಡ ಅಂದ್ರೆ ಎರಡು ಸಾವಿರ ಕಮ್ಮಿ’ ಅನ್ನುವ ಮಾತಿಗೆ ಮನಸೋಲುವ ಮುನ್ನ ಈ ಲೆಕ್ಕ ಹಾಕಿ. ಕಾಂಪೋಸಿಶನ್ ಸ್ಕೀಮ್‌ನಲ್ಲಿರುವವರಿಗೆ ಈ ಕ್ರೆಡಿಟ್ ಇಲ್ಲ, ಆದರೂ ವಾರಂಟಿಗಾಗಿ ಬಿಲ್ ಬೇಕೇ ಬೇಕು.

ಹೊಸದೇ ಬೇಕಾದವರು

ಫೋಟೊ ಸ್ಟುಡಿಯೋ, ಫ್ಲೆಕ್ಸ್ ಡಿಸೈನ್, ವಿಡಿಯೊ ಎಡಿಟಿಂಗ್ ಮಾಡುವವರು ಹೊಸದರ ಕಡೆಗೇ ನೋಡಿ. ಐ3 12100 ಅಥವಾ ಐ5 12400, ಇಲ್ಲವೇ ರೈಜೆನ್ 5 5600ಜಿ, 16 ಜಿಬಿ ರ್‍ಯಾಮ್, ಎನ್‌ವಿಎಂಇ ಎಸ್‌ಎಸ್‌ಡಿ. ಬಜೆಟ್ ಬಿಗಿಯಾಗಿದ್ದರೆ ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಪವರ್ ಸಪ್ಲೈನಲ್ಲಿ ಮಾತ್ರ ಇಳಿಯಬೇಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಹಗುರವಾದ ಎಸ್‌ಎಂಪಿಎಸ್, ಕರೆಂಟ್ ಏರುಪೇರಾದ ದಿನ ತಾನೂ ಹೋಗಿ ಬೋರ್ಡನ್ನೂ ಕೊಂಡೊಯ್ಯಬಹುದು.

ಇಂಟೆಲ್ ಎನ್100 ಪ್ರೊಸೆಸರ್ ಇರುವ ಅಂಗೈಯಗಲದ ಮಿನಿ ಪಿಸಿಗಳನ್ನೂ ಆನ್‌ಲೈನ್‌ನಲ್ಲಿ ಕಂಡಿರುತ್ತೀರಿ. ನಾಲ್ಕು ಕೋರ್‌ನ ಈ ಪ್ರೊಸೆಸರ್‌ನ ಅಧಿಕೃತ ವಿದ್ಯುತ್ ಮಿತಿ ಕೇವಲ 6 ವಾಟ್. ವಿಂಡೋಸ್ 11 ಪಟ್ಟಿಯಲ್ಲೂ ಇದೆ. ಬಿಲ್ಲಿಂಗ್ ಕೌಂಟರ್‌ಗೆ, ಮಕ್ಕಳ ಓದಿಗೆ ಸಾಕು, ಇನ್ವರ್ಟರ್ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ರ್‍ಯಾಮ್‌ಗೆ ಒಂದೇ ಕಿಂಡಿ ಇರುವುದು, ಕೆಲವದರಲ್ಲಿ ಬೆಸುಗೆ ಹಾಕಿಬಿಟ್ಟಿರುವುದು ಅದರ ಕೊರತೆ. ಸರ್ವಿಸ್ ಸೆಂಟರ್ ನಿಮ್ಮ ಸುತ್ತಮುತ್ತ ಇಲ್ಲದ ಬ್ರ್ಯಾಂಡ್ ಆದರೆ ನಾನಂತೂ ವ್ಯಾಪಾರಕ್ಕೆ ತರುವುದಿಲ್ಲ.

ಯಾವುದನ್ನೇ ತಂದರೂ ಯುಪಿಎಸ್‌ಗೆ, ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ದುಡ್ಡು ಮೊದಲೇ ಎತ್ತಿಡಿ. 600 ವಿಎ ಯುಪಿಎಸ್ ಕರೆಂಟ್ ಹೋದಾಗ ಬಿಲ್ ಮುಗಿಸಿ, ಟ್ಯಾಲಿ ಮುಚ್ಚಿ, ಯಂತ್ರ ಆಫ್ ಮಾಡುವಷ್ಟು ಸಮಯ ಕೊಡುತ್ತದೆ. ಡೇಟಾ ಬರೆಯುತ್ತಿರುವಾಗ ಕರೆಂಟ್ ಹೋಗಿ ಕಂಪನಿ ಫೈಲ್ ಕೆಟ್ಟರೆ ಆಗುವ ನಷ್ಟದ ಮುಂದೆ ಅದರ ಬೆಲೆ ಏನೂ ಅಲ್ಲ. ಎಕ್ಸ್‌ಟರ್ನಲ್ ಡಿಸ್ಕ್‌ಗೆ ವಾರಕ್ಕೊಮ್ಮೆ ಬ್ಯಾಕಪ್ ತೆಗೆದು, ಅದನ್ನು ಕಂಪ್ಯೂಟರ್‌ಗೆ ಚುಚ್ಚಿಟ್ಟೇ ಬಿಡದೆ, ಮನೆಗೆ ಒಯ್ಯಿರಿ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್, ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಹೊಸ ಯಂತ್ರ ಬಂದ ದಿನವೇ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಒಂದು ತಿಂಗಳು ಪಕ್ಕದಲ್ಲಿರಲಿ. ತಿಂಗಳ ಕೊನೆಯ ರಿಟರ್ನ್ ಸಲ್ಲಿಸುವಾಗಲೇ ಯಾವ ಫೈಲ್, ಯಾವ ಟೋಕನ್ ಡ್ರೈವರ್, ಯಾವ ಪಾಸ್‌ವರ್ಡ್ ಬಿಟ್ಟುಹೋಗಿದೆ ಎಂಬುದು ತಿಳಿಯುವುದು. ಆಮೇಲೆ ಕೊಡುವಾಗ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ, ಫಾರ್ಮ್ಯಾಟ್ ಮಾಡಿದ್ದೇವೆಂದು ನಂಬಿ ಕೊಡಬೇಡಿ; ಬರೀ ಫಾರ್ಮ್ಯಾಟ್ ಹೊಡೆದ ಡಿಸ್ಕ್‌ನಿಂದ ಫೈಲ್‌ಗಳನ್ನು ಮತ್ತೆ ತೆಗೆಯುವ ತಂತ್ರಾಂಶ ಯಾರಿಗೆ ಬೇಕಾದರೂ ಸಿಗುತ್ತದೆ. ಬಿಚ್ಚಿದ ಡಿಸ್ಕ್‌ಗೆ ಯುಎಸ್‌ಬಿ ಕೇಸ್ ಹಾಕಿದರೆ ಅದೇ ಎರಡನೇ ಬ್ಯಾಕಪ್ ಆಗುತ್ತದೆ. ಉಳಿದ ಡಬ್ಬಿ ಯಾರಿಗೂ ಬೇಡವಾದರೆ ಗುಜರಿಗೆ ಹಾಕದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನ್ಯತೆ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.